ಒಂದೇ ಬಾಯಿಯ ನಳಿಗೆ

ಕೈಲ್‌ಪೊಳ್ದ್ ಹಬ್ಬ ಹತ್ತಿರ ಬಂತೆಂದರೆ ಕೊಡಗಿನ ಮನೆಗಳಲ್ಲಿ ಕೋವಿ ಗೋಡೆಯಿಂದ ಕೆಳಗಿಳಿಯುತ್ತದೆ. ಹಬ್ಬದ ದಿನವಾದ ಸೆಪ್ಟೆಂಬರ್ 3ರ ಹೊತ್ತಿಗೆ ಗದ್ದೆಯ ನಾಟಿ ಮುಗಿದಿರುತ್ತದೆ. ಕತ್ತಿ, ಕೋವಿಗಳನ್ನು ತಿಕ್ಕಿ ಒರೆಸಿ, ನಡುಮನೆಯಾದ ನೆಲ್ಲಕ್ಕಿ ನಡುಬಾಡೆಯ ದೀಪದ ಮುಂದಿಟ್ಟು ತೋಕ್‌ಪೂ ಮುಡಿಸುತ್ತಾರೆ. ಕೊಡವ ತಕ್ಕಿನಲ್ಲಿ ತೋಕ್ ಎಂದರೆ ಕೋವಿ. ಆ ಹೂವೇ ನಮ್ಮ ಅಗ್ನಿಶಿಖೆ. ಕೋವಿ ರಿಪೇರಿಯವರಿಗೆ ಕೈತುಂಬ ಕೆಲಸ ಇರುವುದೂ ಇದೇ ದಿನಗಳಲ್ಲಿ.

ವಿರಾಜಪೇಟೆ ಕಡೆಯ ಅಂಥ ಒಂದು ಅಂಗಡಿಯಲ್ಲಿ ನಾನು ಕೂತಿದ್ದಾಗ ಹುಡುಗನೊಬ್ಬ ತಾತನ ಕಾಲದ ಕೇಪಿನ ಕೋವಿ ಹಿಡಿದು ಬಂದ. “ಬ್ರಷ್ ಒಳಗೇ ಕೂತ್ಬಿಟ್ಟಿದೆ ಅಣ್ಣ, ಎಳೆದ್ರೆ ಬರ್ತಾ ಇಲ್ಲ.” ಅಂಗಡಿಯ ಅಣ್ಣ ಕೇಳಿದ್ದು ಒಂದೇ ಮಾತು: “ಈಡು ತುಂಬಿತ್ತಾ?” ಹುಡುಗನಿಗೆ ಗೊತ್ತಿರಲಿಲ್ಲ.

ತೋಟಾ ಕೋವಿಯಾದರೆ ಹಿಂದಿನಿಂದ ತೆರೆದು ನೋಡಬಹುದು, ಬ್ರಷ್ಷನ್ನು ಒಂದು ಕಡೆಯಿಂದ ತೂರಿಸಿ ಇನ್ನೊಂದು ಕಡೆ ಹೊರತೆಗೆಯಬಹುದು. ಕೇಪಿನ ಕೋವಿಯ ನಳಿಗೆಗೆ ಇರುವುದು ಒಂದೇ ಬಾಯಿ. ಕೋವಿಮದ್ದಾದ ಮಸಿ, ಅದನ್ನು ಅದುಮುವ ಕತ್ತ, ಚರೆ ಹೋಗುವುದೂ ಅದೇ ದಾರಿ, ಬ್ರಷ್ ಹೋಗಿ ಬರುವುದೂ ಅದೇ ದಾರಿ. ಒಳಕ್ಕೆ ನೂಕಿದಾಗ ಕಂಚಿನ ತಂತಿಗಳು ಬಾಯಿಯ ಕಡೆಗೆ ವಾಲಿಕೊಳ್ಳುತ್ತವೆ. ಹಿಂದಕ್ಕೆ ಎಳೆದರೆ ಒಂದೊಂದೂ ಗೋಡೆಗೆ ಕಚ್ಚುತ್ತದೆ. ಅಂಗಿ ತೋಳಿಗೆ ಹೊಕ್ಕ ಹುಲ್ಲಿನ ತೆನೆಯನ್ನು ಹಿಂದಕ್ಕೆ ಎಳೆದು ನೋಡಿದವರಿಗೆ ಇದು ಗೊತ್ತು. ಸಿಟ್ಟಿನಿಂದ ಜಗ್ಗಿದರೆ ಬ್ರಷ್ಷಿನ ತಲೆಯೇ ಕಿತ್ತು ಒಳಗೆ ಉಳಿಯುತ್ತದೆ.

ಅಣ್ಣ ಮೊದಲು ಕೋವಿಯ ಕುದುರೆ ಎತ್ತಿ ನೋಡಿ, ಅದು ಬಡಿಯುವ ತೊಟ್ಟಿನ ಮೇಲೆ ಸಿಡಿಯುವ ಕೇಪು ಇಲ್ಲವೆಂದು ಖಚಿತ ಮಾಡಿಕೊಂಡರು. ಬಾಯಿಯ ನೇರಕ್ಕೆ ತಾವು ನಿಲ್ಲಲಿಲ್ಲ, ನನ್ನನ್ನೂ ಪಕ್ಕಕ್ಕೆ ಸರಿಸಿದರು. ಬ್ರಷ್ ಸಿಕ್ಕಿದ್ದ ಕಡ್ಡಿಗೆ ಬಾಯಿಯ ಅಂಚಿನಲ್ಲಿ ಬಳಪದ ಗುರುತು ಹಾಕಿ, ಹೊರಗಿನಿಂದ ನಳಿಗೆಯ ಬುಡದವರೆಗಿನ ಉದ್ದಕ್ಕೆ ಹೋಲಿಸಿದರು. ಬ್ರಷ್ಷಿನ ತುದಿಗೂ ಬುಡಕ್ಕೂ ನಡುವೆ ಮೂರು ಬೆರಳಿನಷ್ಟು ಜಾಗ ಉಳಿಯಿತು. ಅಲ್ಲಿರುವುದು ಮಸಿಯೋ ಬರಿಯ ಗಾಳಿಯೋ ತಿಳಿಯದು, ಆದ್ದರಿಂದ ಈಡು ಇದೆಯೆಂದೇ ಲೆಕ್ಕ. ನಳಿಗೆಗೆ ನೀರು ತುಂಬಿ ಗೋಡೆಗೆ ಒರಗಿಸಿಟ್ಟರು. ನೆನೆದ ಮಸಿ ಹತ್ತಿಕೊಳ್ಳುವುದಿಲ್ಲ.

ಕೆಲವರು ಸಿಕ್ಕಿಕೊಂಡದ್ದನ್ನು ಈಡು ಹಾರಿಸಿಯೇ ಕಳೆಯಲು ಹೋಗುತ್ತಾರೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಮಸಿಗೂ ಅಡ್ಡಲಾಗಿ ಕೂತ ವಸ್ತುವಿಗೂ ನಡುವೆ ಜಾಗ ಉಳಿದಿದ್ದರೆ ಒತ್ತಡ ಒಂದೇ ಕಡೆ ಏರಿ ನಳಿಗೆ ಉಬ್ಬುತ್ತದೆ, ಸೀಳಲೂಬಹುದು. ಹಿಡಿದವರ ಎಡಗೈ ಇರುವುದು ಅಲ್ಲೇ.

ನೀರು ಬಸಿದ ಮೇಲೆ ಎಣ್ಣೆ ಬಿಟ್ಟು ಒಂದು ಗಂಟೆ ಕಾದರು. ಆಮೇಲೆ ಕಡ್ಡಿಯನ್ನು ಬಲಕ್ಕೆ ತಿರುಗಿಸುತ್ತ ಮೆಲ್ಲಗೆ ಎಳೆದರು. ಎಡಕ್ಕೆ ತಿರುಗಿಸಿದರೆ ಬ್ರಷ್ಷಿನ ತಿರುಪಿನ ಮರೆ ಬಿಚ್ಚಿ ಕಡ್ಡಿ ಮಾತ್ರ ಕೈಗೆ ಬರುತ್ತದೆ. ಬಲಕ್ಕಾದರೆ ಮರೆ ಬಿಗಿಯಾಗುತ್ತ ತಂತಿಗಳು ಓರೆಯಾಗಿ ಮಲಗುತ್ತವೆ. ಬೆರಳಷ್ಟು ಬಂದು ಮತ್ತೆ ನಿಂತಿತು. ಆಗ ಕಡ್ಡಿಯ ಹಿಡಿ ಬಿಚ್ಚಿ, ಅದರ ಮೇಲೆ ತೆಳು ಹಿತ್ತಾಳೆ ಕೊಳವೆಯೊಂದನ್ನು ಜಾರಿಸಿದರು. ಕೊಳವೆಯ ಅಂಚು ಗೋಡೆಗೂ ತಂತಿಗೂ ನಡುವೆ ಹೊಕ್ಕು ಬ್ರಷ್ಷನ್ನು ಮುದುಡಿಸಿ ಒಳಗೆ ತೆಗೆದುಕೊಂಡಿತು. ಎರಡನ್ನೂ ಜೊತೆಗೇ ಎಳೆದಾಗ ಹೊರಬಂತು.

ಕಡ್ಡಿಯಿಂದ ಕಳಚಿದ ಬ್ರಷ್ಷಿಗೆ ಸುರುಳಿ ಕೊಕ್ಕೆ ಬೇಕು. ತೊಟ್ಟು ಬಿಚ್ಚಿ ಆ ತೂತಿನಿಂದ ಗ್ರೀಸ್ ಒತ್ತುವ ಉಪಾಯವೂ ಇದೆ. ಆದರೆ ಅದು ಬಟ್ಟೆ ಸುತ್ತಿದ ಬ್ರಷ್ಷಿಗಷ್ಟೇ ಸರಿ. ಬರಿ ಬ್ರಷ್ಷಾದರೆ ಗ್ರೀಸ್ ತಂತಿಗಳ ಸಂದಿಯಲ್ಲೇ ಸೋರುತ್ತದೆ. ಯಾವುದೂ ಆಗದಿದ್ದರೆ ಬುಡದ ತಿರುಪು ಬಿಚ್ಚಬೇಕು. ಅದು ಮನೆಯಲ್ಲಿ ಮಾಡುವ ಕೆಲಸವಲ್ಲ.

ಕೊಡವರಿಗೂ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿ 1861ರಷ್ಟು ಹಳೆಯದು, ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ನರ ಕಾಲದ್ದು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದೆ. ಕೊಡವರಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು ಹಾರಿಸುತ್ತಾರೆ, ಸಾವಾದರೆ ಎರಡು. ಹಕ್ಕು ಕಾಗದದಲ್ಲಿ ಉಳಿದೀತು. ಈ ನಳಿಗೆಗಳನ್ನು ಉಳಿಸಿರುವುದು ಮಾತ್ರ ಇಂಥ ನಾಲ್ಕಾರು ಕೈಗಳು ಎಂದೇ ನನ್ನ ನಂಬಿಕೆ. ಏಕೆಂದರೆ ಗಂಧಕ, ಇದ್ದಿಲು, ಪೆಟ್ಲುಪ್ಪಿನ ಮಸಿ ಸುಟ್ಟ ಮೇಲೆ ಅದರ ಅರ್ಧಕ್ಕಿಂತ ಹೆಚ್ಚು ಪಾಲು ಕಿಟ್ಟವಾಗಿ ಉಳಿಯುತ್ತದೆ. ಆ ಕಿಟ್ಟ ಕೊಡಗಿನ ಮಳೆಗಾಲದ ತೇವ ಹೀರಿ ಕಬ್ಬಿಣವನ್ನು ತಿನ್ನುತ್ತದೆ.

“ಹಾರಿಸಿದ ದಿನವೇ ತೊಳಿ ಮಗಾ,” ಎನ್ನುತ್ತ ಅಣ್ಣ ತೊಟ್ಟು ಬಿಚ್ಚಿ, ಬಾಯಿಯಿಂದ ಬಿಸಿನೀರು ಹೊಯ್ದರು. ಕೊಳೆತ ಮೊಟ್ಟೆಯ ವಾಸನೆ ಎದ್ದಿತು. ತೊಟ್ಟಿನ ತೂತಿನಿಂದ ಮೊದಲು ಕಪ್ಪು ನೀರು ಚಿಮ್ಮಿತು, ಆಮೇಲೆ ಬೂದು. ನಾಲ್ಕನೆಯ ಚೊಂಬಿಗೆ ತಿಳಿ ನೀರು ಬಂತು.