ಪ್ರತಿಧ್ವನಿಗಾಗಿ ದನಿ ತಗ್ಗಿಸುವ ಬಾವಲಿ

ಕಗ್ಗತ್ತಲಲ್ಲಿ ಎಲೆಗಳ ಮಧ್ಯೆ ಹಾರುವ ಪತಂಗವನ್ನು ಬರೀ ಕಿವಿಯಿಂದ ಪತ್ತೆಹಚ್ಚುವುದು ಸುಲಭವಲ್ಲ. ಕೂಗಿದರೆ ಎಲೆಯಿಂದಲೂ ಪ್ರತಿಧ್ವನಿ ಬರುತ್ತದೆ, ಪತಂಗದಿಂದಲೂ ಬರುತ್ತದೆ. ಯಾವುದು ಊಟ, ಯಾವುದು ಬರೀ ಎಲೆ? ಮೂಗಿನ ಸುತ್ತ ಲಾಳದಾಕಾರದ ಚರ್ಮದ ಮಡಿಕೆಯಿರುವ ಕುದುರೆಲಾಳ ಬಾವಲಿ ಇದಕ್ಕೆ ಕಂಡುಕೊಂಡಿರುವ ಉಪಾಯ ಬೆರಗು ಹುಟ್ಟಿಸುವಂಥದು.

ಆ ಉಪಾಯದ ಬೇರು ಡಾಪ್ಲರ್ ಪರಿಣಾಮದಲ್ಲಿದೆ. ಸದ್ದಿನ ಮೂಲ ನಮ್ಮತ್ತ ಬರುತ್ತಿದ್ದರೆ ಅಲೆಗಳು ಒತ್ತೊತ್ತಾಗಿ ಕಿವಿ ಮುಟ್ಟಿ ಶ್ರುತಿ ಏರುತ್ತದೆ. ದೂರ ಸರಿಯುತ್ತಿದ್ದರೆ ಇಳಿಯುತ್ತದೆ. ಆಸ್ಟ್ರಿಯಾದ ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ಇದನ್ನು ಸಿದ್ಧಾಂತವಾಗಿ ಮಂಡಿಸಿದರು. ಮೂರು ವರ್ಷಗಳ ನಂತರ ನೆದರ್ಲೆಂಡ್ಸ್‌ನ ಬಾಯ್ಸ್ ಬಾಲಟ್, ರೈಲಿನ ಮೇಲೆ ತುತ್ತೂರಿ ಊದಿಸಿ, ಹಳಿಯ ಪಕ್ಕದಲ್ಲಿ ಶ್ರುತಿಜ್ಞಾನವಿದ್ದ ಸಂಗೀತಗಾರರನ್ನು ನಿಲ್ಲಿಸಿ ಅದನ್ನು ಖಚಿತಪಡಿಸಿಕೊಂಡರು.

ಈಗ ಬಾವಲಿಯ ಲೆಕ್ಕ ನೋಡೋಣ. ಯುರೋಪಿನ ದೊಡ್ಡ ಕುದುರೆಲಾಳ ಬಾವಲಿ ಸುಮ್ಮನೆ ನೇತಾಡುವಾಗ ಮೂಗಿನಿಂದ ಸುಮಾರು 83 ಕಿಲೋಹರ್ಟ್ಸ್‌ನ ಕೂಗು ಹೊರಡಿಸುತ್ತದೆ. ನಮ್ಮ ಕಿವಿಗೆ ಕೇಳುವುದು 20ರವರೆಗೆ ಮಾತ್ರ. ಅದರ ಒಳಕಿವಿಯ ದೊಡ್ಡ ಪಾಲು 83ರ ಆಸುಪಾಸಿನ ಕಿರಿದಾದ ಪಟ್ಟಿಗೇ ಮೀಸಲು. ಅಲ್ಲಿ ಅದು ಅತಿ ಸೂಕ್ಷ್ಮ. ಆದರೆ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಹಾರುತ್ತ ಅದೇ ಶ್ರುತಿಯಲ್ಲಿ ಕೂಗಿದರೆ, ಎದುರಿನಿಂದ ಮರಳುವ ಸದ್ದು 85ನ್ನೂ ದಾಟಿ ಆ ಪಟ್ಟಿಯಿಂದ ಆಚೆ ಬೀಳುತ್ತದೆ. ಹಾಗಾಗಿ ಬಾವಲಿ ತನ್ನ ದನಿಯನ್ನೇ 80.6ರಷ್ಟಕ್ಕೆ ಇಳಿಸುತ್ತದೆ. ಪ್ರತಿಧ್ವನಿ ಸರಿಯಾಗಿ 83ಕ್ಕೆ ಬಂದು ಕೂರುತ್ತದೆ! ಹಾನ್ಸ್-ಉಲ್ರಿಚ್ ಶ್ನಿಟ್ಸ್‌ಲರ್ 1968ರಲ್ಲಿ ಇದನ್ನು ತೋರಿಸಿಕೊಟ್ಟರು.

ಇದರಿಂದ ಎರಡು ಲಾಭ. ಮೂರು ಮೀಟರ್ ದೂರದ ಪ್ರತಿಧ್ವನಿ ಸೆಕೆಂಡಿನ ಐವತ್ತನೇ ಒಂದು ಭಾಗದೊಳಗೆ, ಕೂಗು ಇನ್ನೂ ಮುಗಿಯದಿರುವಾಗಲೇ ಮರಳುತ್ತದೆ. ಕೂಗಿನ ಶ್ರುತಿ ಬೇರೆ, ಪ್ರತಿಧ್ವನಿಯ ಶ್ರುತಿ ಬೇರೆ ಆದ್ದರಿಂದ ತನ್ನ ದನಿಯಿಂದ ತನ್ನ ಕಿವಿಯೇ ಕಿವುಡಾಗುವುದಿಲ್ಲ. ಇನ್ನೊಂದು, ಪತಂಗ ರೆಕ್ಕೆ ಬಡಿದಾಗಲೆಲ್ಲ ಪ್ರತಿಧ್ವನಿಯ ಶ್ರುತಿಯೂ ಬಲವೂ ತಾಳಬದ್ಧವಾಗಿ ಏರಿಳಿಯುತ್ತವೆ. ಎಲೆಯಿಂದ ಮರಳುವ ಸದ್ದಿನಲ್ಲಿ ಆ ತಾಳವಿಲ್ಲ. ಬಾವಲಿಗೆ ಬೇಟೆಯ ಸುಳಿವು ಸಿಗುವುದು ಅಲ್ಲೇ.

ಆಸ್ಪತ್ರೆಯ ಡಾಪ್ಲರ್ ಸ್ಕ್ಯಾನ್‌ನಲ್ಲೂ ಇದೇ ಭೌತವಿಜ್ಞಾನ ದುಡಿಯುತ್ತದೆ. ಯಂತ್ರ 5 ಮೆಗಾಹರ್ಟ್ಸ್‌ನ ಅಲೆ ಕಳಿಸಿತು ಎನ್ನಿ. ಸೆಕೆಂಡಿಗೆ ಅರ್ಧ ಮೀಟರ್ ಹರಿಯುವ ರಕ್ತಕಣಗಳು ಅದನ್ನು ಸುಮಾರು 3,000 ಹರ್ಟ್ಸ್‌ನಷ್ಟು ಬದಲಿಸಿ ಮರಳಿಸುತ್ತವೆ. ಆ ವ್ಯತ್ಯಾಸ ನಮ್ಮ ಕಿವಿಗೆ ಕೇಳುವ ಮಟ್ಟದ್ದೇ ಆದ್ದರಿಂದ ರಕ್ತದ ಓಟ ಸ್ಪೀಕರಿನಲ್ಲಿ ಬುಸ್ ಬುಸ್ ಎಂದು ಕೇಳುತ್ತದೆ. ಯಂತ್ರ ಕಳಿಸುವ ಅಲೆಯನ್ನು ಸ್ಥಿರವಾಗಿಟ್ಟು ಮರಳಿದ್ದನ್ನು ಅಳೆಯುತ್ತದೆ. ಬಾವಲಿ ಮರಳುವುದನ್ನು ಸ್ಥಿರವಾಗಿಟ್ಟು ಕಳಿಸುವುದನ್ನು ಬದಲಿಸುತ್ತದೆ.

ಕುದುರೆಲಾಳ ಬಾವಲಿಗಳ ಹತ್ತಿರದ ನೆಂಟ, ಮೂಗಿನಿಂದಲೇ ಕೂಗುವ ಕೋಲಾರದ ಎಲೆಮೂಗಿನ ಬಾವಲಿ, ಜಗತ್ತಿನಲ್ಲಿ ಉಳಿದಿರುವುದಾಗಿ ತಿಳಿದಿರುವುದು ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಗುಹೆಯೊಂದರಲ್ಲಿ ಮಾತ್ರ. ಗ್ರಾನೈಟ್ ಗಣಿಗಾರಿಕೆ ಅದಕ್ಕೆ ದೊಡ್ಡ ಅಪಾಯ. ಬಾವಲಿಯನ್ನು ಅಪಶಕುನವೆಂದು ಅಟ್ಟುವ ನಾಡು ಅದರ ವಿದ್ಯೆಯನ್ನು ಅರಿತರೆ, ಆ ಬಂಡೆಗಳನ್ನು ಕಾಯಲು ಅದಕ್ಕಿಂತ ಬೇರೆ ಕಾರಣ ಬೇಕಾಗದು.