ಹಳೆಯ ಗೂಡಿಗೆ ಹೊಸ ಕೋಳಿ: ಕುಕ್ಕಾಟ ತಡೆಯುವ ಬಗೆ



ಶಿರಸಿ ತಾಲೂಕಿನ ವಾನಳ್ಳಿಯಂಥ ಊರುಗಳ ಹಿತ್ತಿಲಲ್ಲಿ ಕೋಳಿ ಸಾಕಣೆಯೆಂದರೆ ಎಂಟು ಹತ್ತು ಕೋಳಿಗಳ ಹಿಂಡು. ಅದರ ಮೊಟ್ಟೆಯ ಹಣ ಬಹುಮಟ್ಟಿಗೆ ಮನೆಯ ಹೆಂಗಸರ ಕೈಖರ್ಚಿಗೆ ಒದಗುತ್ತದೆ. ಕಬ್ಬೆಕ್ಕು, ಮುಂಗುಸಿಗಳ ಕಾಟದಿಂದ ಹಿಂಡು ಕರಗಿದಾಗ ಸಂತೆಯಿಂದ ಒಂದು ಹೇಂಟೆಯನ್ನು ತಂದು ನೇರವಾಗಿ ಗೂಡಿಗೆ ಬಿಡುವುದುಂಟು. ಎರಡು ದಿನಗಳಲ್ಲಿ ಅದು ತಲೆ, ಬೆನ್ನು ಗಾಯಗೊಂಡು ಮೂಲೆ ಸೇರುತ್ತದೆ; ಕೆಲವೊಮ್ಮೆ ಸಾಯುತ್ತದೆ. ಕೊಟ್ಟ ಹಣವೂ ಹೋಯಿತು, ಮೊಟ್ಟೆಯೂ ಇಲ್ಲ. ನಾನು ಬೆಳೆ ವಿಜ್ಞಾನದವನಾದರೂ ತೋಟ ನೋಡಲು ಹೋದಲ್ಲೆಲ್ಲ ಈ ದೂರು ಕಿವಿಗೆ ಬೀಳುವುದರಿಂದ ಇದನ್ನು ಬರೆಯಬೇಕಾಯಿತು.

ಕೋಳಿಗಳ ಹಿಂಡಿನಲ್ಲಿ ಯಾರು ಮೇಲು, ಯಾರು ಕೆಳಗು ಎಂಬ ಕಟ್ಟುನಿಟ್ಟಾದ ಕ್ರಮವಿದೆ. ನಾರ್ವೆಯ ಶೆಲ್ಡರಪ್-ಎಬ್ಬೆ ಎಂಬ ವಿಜ್ಞಾನಿ ಇದನ್ನು 1920ರ ದಶಕದ ಆರಂಭದಲ್ಲಿಯೇ ವಿವರಿಸಿದ್ದಾರೆ. ಮೇಲಿನ ಕೋಳಿ ಕೆಳಗಿನದನ್ನು ಕುಕ್ಕುತ್ತದೆ, ಕೆಳಗಿನದು ಜಾಗ ಬಿಟ್ಟು ಸರಿಯುತ್ತದೆ. ಒಮ್ಮೆ ಕ್ರಮ ಕೂಡಿಬಂದ ಮೇಲೆ ಜಗಳ ತಗ್ಗುತ್ತದೆ. ಕೋಳಿಗಳು ಒಂದನ್ನೊಂದು ಗುರುತು ಹಿಡಿಯುವುದರಿಂದ ಹೊಸ ಮುಖ ಬಂದೊಡನೆ ಈ ಕ್ರಮ ಕದಡುತ್ತದೆ. ಆದ್ದರಿಂದ ಸ್ವಲ್ಪ ಕುಕ್ಕಾಟ ಸಹಜ. ರಕ್ತ ಕಂಡರೆ ಮಾತ್ರ ಅದು ಸಹಜವಲ್ಲ. ಕೆಂಪು ಬಣ್ಣ ಉಳಿದವುಗಳನ್ನೂ ಸೆಳೆದು ಎಲ್ಲವೂ ಅಲ್ಲಿಗೇ ಕುಕ್ಕತೊಡಗುತ್ತವೆ.

ಹೊಸ ಕೋಳಿಯನ್ನು ತಂದ ದಿನವೇ ಹಿಂಡಿಗೆ ಸೇರಿಸಬೇಡಿರಿ. ಕೊಕ್ಕರೆ ರೋಗ, ಸಿಡುಬು, ಹೇನು ಇವೆಲ್ಲ ಸಂತೆಯ ಕೋಳಿಯೊಡನೆ ಬರಬಹುದು. ಕನಿಷ್ಠ ಎರಡರಿಂದ ಮೂರು ವಾರ ದೂರದ ಕೊಟ್ಟಿಗೆಯಲ್ಲಿಟ್ಟು, ಹಳೆಯವುಗಳಿಗೆ ಮೇವು ಹಾಕಿದ ನಂತರವೇ ಅದರ ಬಳಿಗೆ ಹೋಗಬೇಕು. ಲಸಿಕೆಯ ಬಗ್ಗೆ ಪಶುವೈದ್ಯರನ್ನು ಕೇಳಿರಿ.

ಆಮೇಲೆ ಒಂದು ವಾರ ಹೊಸದನ್ನು ಹಳೆಯ ಗೂಡಿನ ಪಕ್ಕದಲ್ಲಿಯೇ ತಂತಿ ಬಲೆಯ ಅಥವಾ ಬಿದಿರು ದಬ್ಬೆಯ ತಡೆಯ ಆಚೆ ಇಡಬೇಕು. ನೋಡಲು ಸಿಗಬೇಕು, ಕುಕ್ಕಲು ಸಿಗಬಾರದು. ನನ್ನ ಅಭಿಪ್ರಾಯದಲ್ಲಿ ಇಡೀ ಕೆಲಸದಲ್ಲಿ ಇದೇ ಮುಖ್ಯ. ಅವಸರ ಮಾಡುವವರು ಬಿಟ್ಟುಬಿಡುವುದೂ ಇದನ್ನೇ. ನಂತರ ಕತ್ತಲಾದ ಮೇಲೆ, ಹಳೆಯವು ಅಟ್ಟಣೆ ಏರಿ ಕುಳಿತಾಗ, ಸದ್ದಿಲ್ಲದೆ ನಡುವೆ ಕೂರಿಸಿರಿ. ಬೆಳಗಾಗುವ ಮುಂಚೆ ಎದ್ದು ಬಾಗಿಲು ತೆರೆಯಿರಿ. ಓಡಲು ಅಂಗಳ ಸಿಕ್ಕರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ. ಒಂದನ್ನೇ ತರುವ ಬದಲು ಒಂದೇ ಗಾತ್ರದ ಎರಡು ಮೂರನ್ನು ತಂದರೆ ಏಟು ಹಂಚಿಹೋಗುತ್ತದೆ. ಎಳೆಯ ಮರಿಗಳನ್ನು ದೊಡ್ಡವುಗಳ ನಡುವೆ ಎಂದಿಗೂ ಬಿಡಬಾರದು. ಸಾಕಲು ಕೊಂಡು ತಂದ ಗಿರಿರಾಜ ಮರಿಗಳಿಗೂ ಇದೇ ಮಾತು.

ನಮ್ಮ ಮಲೆನಾಡಿನಲ್ಲಿ ಹೊಸ ಕೋಳಿ ಸೇರಿಸಲು ಆಷಾಢ ತಕ್ಕ ಕಾಲವಲ್ಲ. ಜಡಿಮಳೆಯಲ್ಲಿ ಹಿಂಡು ದಿನವಿಡೀ ಗೂಡಿನೊಳಗೇ ಇರುತ್ತದೆ. ಇಕ್ಕಟ್ಟು, ತೇವ, ಬೇಸರ ಸೇರಿ ಕುಕ್ಕಾಟ ಹೆಚ್ಚುತ್ತದೆ. ಮಳೆ ತಗ್ಗಿದ ಮೇಲೆ ಸೇರಿಸಿರಿ. ತೀರ ಅನಿವಾರ್ಯವಾದರೆ ಪ್ರತಿ ಕೋಳಿಗೆ ಕನಿಷ್ಠ ಎರಡು ಚದರ ಅಡಿ ನೆಲ ಇರುವಂತೆ ನೋಡಿಕೊಂಡು, ಒಣ ದರಕನ್ನು ಅರ್ಧ ಗೇಣು ಹಾಸಿ ಅದರಲ್ಲಿ ಹಿಡಿ ಭತ್ತ ಎರಚಿರಿ. ಕೆದರುವ ಕೋಳಿ ಕುಕ್ಕುವುದಿಲ್ಲ. ಹರಿವೆ ಸೊಪ್ಪಿನ ಕಟ್ಟೊಂದನ್ನು ತಲೆ ಎತ್ತರಕ್ಕೆ ತೂಗುಹಾಕಿದರೂ ಆದೀತು. ಮೇವು, ನೀರಿನ ಪಾತ್ರೆಗಳನ್ನು ಎರಡು ಕಡೆ ಇಡಬೇಕು. ಇಲ್ಲವಾದರೆ ಮೇಲಿನ ಕೋಳಿ ಕಾವಲು ನಿಂತು ಹೊಸದನ್ನು ಉಪವಾಸ ಕೆಡವುತ್ತದೆ.

ಇಷ್ಟಾದರೂ ನಿಲ್ಲದಿದ್ದರೆ ಮೇವನ್ನು ನೋಡಿರಿ. ಬರೀ ಅಕ್ಕಿನುಚ್ಚು ತಿಂದ ಕೋಳಿಗೆ ಸಸಾರಜನಕದ ಕೊರತೆಯಾಗಿ ಪುಕ್ಕ ಕೀಳುವ ಚಟ ಹತ್ತುತ್ತದೆ. ಶೇಂಗಾ ಹಿಂಡಿ, ಒಣಮೀನಿನ ಪುಡಿ ಸ್ವಲ್ಪ ಬೆರೆಸಿರಿ. ಹಿಂಡಿ ಬೂಸು ಹಿಡಿದಿರಬಾರದು.

ಗಾಯಗೊಂಡದ್ದನ್ನು ತಕ್ಷಣ ಬೇರ್ಪಡಿಸಿ, ಗಾಯ ತೊಳೆದು, ಅರಿಶಿನ ಕಲಸಿದ ಬೇವಿನೆಣ್ಣೆ ಹಚ್ಚಿ, ಮಾಯುವವರೆಗೂ ತಡೆಯ ಆಚೆಯೇ ಇಡಬೇಕು. ಒಂದೇ ಕೋಳಿ ಎಲ್ಲವನ್ನೂ ಹಿಂಸಿಸುತ್ತಿದ್ದರೆ ಹೊಸದರ ಬದಲು ಆ ಪುಂಡನನ್ನೇ ಮೂರು ನಾಲ್ಕು ದಿನ ಹೊರಗಿಡಿರಿ. ಮರಳಿ ಬಂದಾಗ ಅದರ ಪಟ್ಟ ಇಳಿದಿರುವುದುಂಟು. ಹತ್ತು ಹೇಂಟೆಗೆ ಒಂದು ಹುಂಜ ಸಾಕು.

ಪೇಟೆಯ ಮಕ್ಕಳು ಪಂಜರದಲ್ಲಿ ಸಾಕುವ ಜೀಬ್ರಾ ಫಿಂಚ್ ಹಕ್ಕಿಗಳಿಗೂ ಬೇರೆಯಿಟ್ಟು, ಪಕ್ಕದಲ್ಲಿಟ್ಟು, ಆಮೇಲೆ ಕೂಡಿಸುವ ಕ್ರಮವೇ ಸರಿ. ಆದರೆ ಗದ್ದೆಗೆ ಬರುವ ರಾಟವಾಳವನ್ನು ಹಿಡಿದು ಪಂಜರಕ್ಕೆ ಹಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ.