ಘಟಪ್ರಭಾ ಹಿನ್ನೀರಿನಲ್ಲಿ ಏಕಾಂಗಿ ದೋಣಿಯಾನ ಮತ್ತು ಪಕ್ಷಿ ವೀಕ್ಷಣೆ: ಸಾರ್ವಜನಿಕರ ಮಾಹಿತಿಗಾಗಿ

ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನಿಂದ ಗೋಕಾಕ ತಾಲ್ಲೂಕಿಗೆ ಹರಿದುಬರುವ ಘಟಪ್ರಭಾ ನದಿಗೆ ಧುಪದಾಳದ ಬಳಿ ಒಡ್ಡನ್ನು ಕಟ್ಟಲಾಗಿದ್ದು, ಅದರ ಹಿಂದೆ ವಿಶಾಲವಾದ ಜೌಗು ಪ್ರದೇಶ ನಿರ್ಮಾಣವಾಗಿದೆ. ಈ ಹಿನ್ನೀರನ್ನೊಳಗೊಂಡ 29.78 ಚದರ ಕಿ.ಮೀ. ಪ್ರದೇಶವನ್ನು 1974ರಲ್ಲಿ ಘಟಪ್ರಭಾ ಪಕ್ಷಿಧಾಮವೆಂದು ಘೋಷಿಸಲಾಯಿತು. ಒಬ್ಬರೇ ಕುಳಿತು ಹುಟ್ಟು ಹಾಕುವ ಕಯಾಕ್ ಎಂಬ ಹಗುರ ದೋಣಿಯಲ್ಲಿ ಸದ್ದಿಲ್ಲದೆ ಸಾಗಿ ಹಕ್ಕಿಗಳನ್ನು ಹತ್ತಿರದಿಂದ ನೋಡಬೇಕೆಂಬ ಅಪೇಕ್ಷೆ ಸಹಜವಾದುದು. ಆದರೆ ಈ ಹಿನ್ನೀರು ದೋಣಿಯನ್ನು ಕರೆಯುವ ಕಾಲವೇ ಬೇರೆ, ದೂರದೇಶದ ಹಕ್ಕಿಗಳು ಇಲ್ಲಿ ಸಿಗುವ ಕಾಲವೇ ಬೇರೆ. ಇದರ ಕಾರಣಗಳನ್ನು ಮುಂದೆ ವಿವರಿಸಲಾಗಿದೆ.

ಹಿನ್ನೀರಿನ ಸ್ವರೂಪ

ಧುಪದಾಳದ ಒಡ್ಡು 1897ರಷ್ಟು ಹಳೆಯದು. ನದಿಯ ನೀರನ್ನು ಎಡದಂಡೆ ಕಾಲುವೆಗೆ ತಿರುಗಿಸುವುದು ಇದರ ಉದ್ದೇಶ. ಇದು ಎತ್ತರದ ಅಣೆಕಟ್ಟಲ್ಲ. ತುಂಬಿದ ನೀರು ಇದರ ನೆತ್ತಿಯ ಮೇಲಿನಿಂದಲೇ ಹೊರಳಿ ಬೀಳುತ್ತದೆ. ನೂರಕ್ಕೂ ಹೆಚ್ಚು ವರ್ಷಗಳಿಂದ ಸೇರಿದ ಹೂಳಿನ ಮೇಲೆ ಜೊಂಡು, ಆಪು ಮತ್ತು ಜಲಸಸ್ಯಗಳು ಬೆಳೆದಿವೆ. ನೀರು ಕಡಿಮೆಯಿದ್ದಾಗ ಕೆಸರುದಿಬ್ಬಗಳೂ ನಡುಗಡ್ಡೆಗಳೂ ಕಾಣುತ್ತವೆ. ಪ್ರವಾಹ ಬಂದಾಗ ಇವೆಲ್ಲವೂ ಮುಳುಗಿ, ನದಿ ಯಾವುದು ಜೌಗು ಯಾವುದು ಎಂದು ಹೊಸಬರಿಗೆ ತಿಳಿಯದು. ಜೊಂಡಿನೊಳಗೆ ಮಗುಚಿದ ದೋಣಿಯಿಂದ ನೀರಿಗೆ ಬಿದ್ದವರಿಗೆ ಈಜು ಬಂದರೂ ಪ್ರಯೋಜನವಾಗದಿರಬಹುದು. ಕಾಲು ಕೆಸರಿನಲ್ಲಿ ಹೂತುಕೊಳ್ಳುತ್ತದೆ, ಕೈಗಳಿಗೆ ಬಳ್ಳಿ ಸುತ್ತಿಕೊಳ್ಳುತ್ತದೆ. ಇಬ್ಬರಿದ್ದಲ್ಲಿ ಒಬ್ಬರು ಹಗ್ಗ ಎಸೆಯಬಹುದು. ಒಬ್ಬರೇ ಇದ್ದಲ್ಲಿ ದಡದವರಿಗೆ ಸುದ್ದಿ ತಿಳಿಯುವುದೇ ತಡವಾಗುತ್ತದೆ.

ನೀರು ಏರುವ ಬಗೆ

ಮೇಲ್ಭಾಗದಲ್ಲಿ, ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ರಾಜಾ ಲಖಮಗೌಡ ಜಲಾಶಯವಿದೆ. ಇದರ ಸಂಗ್ರಹ ಸಾಮರ್ಥ್ಯ 51 ಟಿ.ಎಂ.ಸಿ. ಅಡಿ. ಮಳೆಗಾಲದಲ್ಲಿ ಜಲಾಶಯ ತುಂಬಿದಾಗ ಕ್ರೆಸ್ಟ್ ಗೇಟುಗಳ ಮೂಲಕ ನದಿಗೆ ನೀರು ಬಿಡಲಾಗುತ್ತದೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಹತ್ತು ಸಾವಿರ ಕ್ಯೂಸೆಕ್ ಎಂದರೆ ಪ್ರತಿ ಸೆಕೆಂಡಿಗೆ 280 ಟನ್ನಿಗೂ ಹೆಚ್ಚು ನೀರು. ನೀರು ಬಿಡುವ ಮುನ್ನ ನದಿ ಪಾತ್ರದ ಗ್ರಾಮಸ್ಥರಿಗೆ ಎಚ್ಚರಿಕೆ ನೀಡಲಾಗುತ್ತದೆ.

ಆದರೆ ಹಿಡಕಲ್‌ನ ಎಚ್ಚರಿಕೆಯೊಂದನ್ನೇ ನಂಬಿ ನೀರಿಗಿಳಿಯುವುದು ತಪ್ಪು. ಆಂಬೋಲಿ ಘಟ್ಟದ ಕಡೆಯಿಂದ ಸಂಕೇಶ್ವರದ ಮೂಲಕ ಹರಿದುಬರುವ ಹಿರಣ್ಯಕೇಶಿ ನದಿಯು ಹಿಡಕಲ್‌ನ ಕೆಳಗೆ ಘಟಪ್ರಭೆಯನ್ನು ಸೇರುತ್ತದೆ. ಘಟ್ಟದಲ್ಲಿ ರಾತ್ರಿಯಿಡೀ ಮಳೆ ಸುರಿದರೆ, ಹುಕ್ಕೇರಿಯಲ್ಲಿ ಬಿಸಿಲಿದ್ದರೂ, ಜಲಾಶಯದ ಒಂದು ಗೇಟನ್ನೂ ತೆರೆಯದಿದ್ದರೂ, ಧುಪದಾಳದ ಹಿನ್ನೀರು ಏರಬಲ್ಲುದು. 2019ರ ಆಗಸ್ಟ್‌ನಲ್ಲಿ ಈ ನದಿಗಳೆಲ್ಲ ಒಮ್ಮೆಗೇ ಉಕ್ಕಿದಾಗ ಗೋಕಾಕ ಪಟ್ಟಣದೊಳಕ್ಕೆ ನೀರು ನುಗ್ಗಿದ್ದನ್ನು ಇಲ್ಲಿಯ ಜನ ಮರೆತಿಲ್ಲ. ಅದೇ ತಿಂಗಳ ನೆರೆಯಲ್ಲಿ ರಾಯಬಾಗ ತಾಲ್ಲೂಕಿನಲ್ಲಿ, ಕೃಷ್ಣೆಯ ಕಡೆ, ಮುಳುಗಿದ ಮನೆಯೊಂದರ ಮಾಳಿಗೆಯ ಮೇಲೆ ಮೊಸಳೆ ಕಂಡುಬಂದಿತ್ತು. ನೆರೆನೀರು ಪ್ರಾಣಿಗಳನ್ನೂ ಅವುಗಳ ನೆಲೆಯಿಂದ ಎಬ್ಬಿಸಿ ತರುತ್ತದೆ.

ಒಡ್ಡಿನ ಸಮೀಪದ ಅಪಾಯ

ನೀರಿನ ಮಟ್ಟದಲ್ಲೇ ಕುಳಿತು ಸಾಗುವವರಿಗೆ ಒಡ್ಡು ಕಾಣುವುದಿಲ್ಲ. ಮುಂದೆ ಒಂದು ಸಮನಾದ ಗೆರೆ ಮಾತ್ರ ಕಾಣುತ್ತದೆ, ಅದರಾಚೆಗೆ ಮರಗಳ ನೆತ್ತಿ. ಹತ್ತಿರ ಹೋದಂತೆ ಸೆಳೆತ ಹೆಚ್ಚುತ್ತದೆ. ಗಾಳಿ ಎದುರಿಲ್ಲದಿದ್ದರೆ ಸದ್ದೂ ತಡವಾಗಿ ಕೇಳಿಸುತ್ತದೆ. ಒಡ್ಡಿನ ಮೇಲಿನಿಂದ ಬಿದ್ದ ನೀರು ಬುಡದಲ್ಲಿ ಸುರುಳಿಯಾಗಿ ಮತ್ತೆ ಒಡ್ಡಿನ ಕಡೆಗೇ ತಿರುಗುತ್ತದೆ. ಅದರಲ್ಲಿ ಸಿಕ್ಕ ಮರದ ದಿಮ್ಮಿಯು ಅಲ್ಲೇ ಮುಳುಗಿ ಏಳುತ್ತಾ ಉಳಿಯುವುದನ್ನು ದಡದಿಂದ ನೋಡಬಹುದು. ಜೀವರಕ್ಷಕ ಜಾಕೆಟ್ ತೊಟ್ಟವರಿಗೂ ಆ ಸುಳಿಯಿಂದ ಹೊರಬರುವುದು ಬಹು ಕಷ್ಟ. ಕಾಲುವೆಯ ತೂಬಿನ ಬಳಿಯೂ ಇಂತಹುದೇ ಸೆಳೆತವಿರುತ್ತದೆ. ಇನ್ನು ಕೆಳಗೆ ಕೆಲವೇ ಕಿಲೋಮೀಟರುಗಳ ದೂರದಲ್ಲಿ ಇದೇ ನದಿಯು ಗೋಕಾಕ ಜಲಪಾತವಾಗಿ ಸುಮಾರು 52 ಮೀಟರ್ ಆಳಕ್ಕೆ ಧುಮುಕುತ್ತದೆ ಎಂಬುದನ್ನು ಹೇಳಿದರೆ ಸಾಕು.

ಈ ನೀರಿನಲ್ಲಿ ಹರಿಗೋಲು ನಡೆಸುವ ಮೀನುಗಾರರನ್ನು ಕಂಡು ಧೈರ್ಯ ತಾಳುವವರಿದ್ದಾರೆ. ಅವರಿಗೆ ತಿಳಿದಿರುವ ದಿಬ್ಬ, ಮಡು, ಸೆಳವುಗಳು ಪ್ರವಾಸಿಗೆ ತಿಳಿದಿರುವುದಿಲ್ಲ.

ಹಕ್ಕಿಗಳ ಕಾಲ

ಇಲ್ಲಿಗೆ ಹೆಸರು ತಂದಿರುವ ವಲಸೆ ಹಕ್ಕಿಗಳೆಂದರೆ ಡೆಮಾಯ್ಸೆಲ್ ಕ್ರೇನ್ ಎಂದು ಕರೆಯಲಾಗುವ ಬೂದುಬಣ್ಣದ ಕ್ರೌಂಚ ಮತ್ತು ಯುರೋಪಿನ ಬಿಳಿ ಕೊಕ್ಕರೆ. ಕ್ರೌಂಚಗಳು ಮಧ್ಯ ಏಷ್ಯಾ ಮತ್ತು ಮಂಗೋಲಿಯಾದ ಹುಲ್ಲುಗಾವಲುಗಳಲ್ಲಿ ಮರಿಮಾಡಿ, ಚಳಿಗಾಲ ಕಳೆಯಲು ದಕ್ಷಿಣಕ್ಕೆ ಬರುತ್ತವೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಇವುಗಳ ವೀಕ್ಷಣೆಗೆ ಸೂಕ್ತ ಕಾಲ. ಹಗಲು ಹೊಲಗಳಲ್ಲಿ ಕಾಳು ಮೇಯುವ ಇವು ವಿಶ್ರಾಂತಿಗೆ ತೆಳುನೀರನ್ನೂ ಮರಳುದಿಬ್ಬಗಳನ್ನೂ ಆಶ್ರಯಿಸುತ್ತವೆ. ಅಂದರೆ, ನೆರೆ ಇಳಿದು ದಿಬ್ಬಗಳು ತೆರೆದುಕೊಂಡ ಮೇಲೆಯೇ ಇವಕ್ಕೆ ಇಲ್ಲಿ ಜಾಗ. ಆಗ ಅವು ನಿಲ್ಲುವ ಸ್ಥಳದಲ್ಲಿ ದೋಣಿ ತೇಲುವಷ್ಟು ನೀರೇ ಇರುವುದಿಲ್ಲ.

ಮಳೆಗಾಲದ ತುಂಬು ನೀರು ಸ್ಥಳೀಯ ಹಕ್ಕಿಗಳ ಸಂತಾನಕಾಲ. ದೇವನಹಕ್ಕಿಯು ತೇಲುವ ಎಲೆಗಳ ಮೇಲೆಯೇ ಮೊಟ್ಟೆಯಿಡುತ್ತದೆ; ಕಾವು ಕೊಡುವ ಕೆಲಸ ಗಂಡಿನದು. ಗುಳುಮುಳುಕವೂ ತೇಲುವ ಸಸ್ಯರಾಶಿಯನ್ನೇ ಗೂಡಾಗಿಸುತ್ತದೆ. ಇಂತಹ ಗೂಡನ್ನು ಒದ್ದೆ ಮಾಡಲು ಹುಟ್ಟಿನ ಒಂದು ಅಲೆ ಸಾಕು.

ಯಂತ್ರವಿಲ್ಲದ ದೋಣಿಯಿಂದ ಹಕ್ಕಿಗಳಿಗೆ ತೊಂದರೆಯಿಲ್ಲವೆಂಬ ಭಾವನೆಯೂ ಪೂರ್ಣ ಸರಿಯಲ್ಲ. ಸದ್ದಿಲ್ಲದೆ ಬಂದ ದೋಣಿ ಜೊಂಡಿನ ತಿರುವಿನಲ್ಲಿ ಹಠಾತ್ತನೆ ಎದುರಾದಾಗ ಇಡೀ ಹಿಂಡು ಒಮ್ಮೆಗೇ ಏಳುತ್ತದೆ. ಹಕ್ಕಿಗಳು ಮೇಯುವುದನ್ನು ನಿಲ್ಲಿಸಿ ಕತ್ತು ನೀಳವಾಗಿ ಎತ್ತಿದರೆ, ಒಂದೇ ದಿಕ್ಕಿಗೆ ನಡೆಯತೊಡಗಿದರೆ, ನೋಡುವವರು ಮಿತಿಮೀರಿ ಸಮೀಪಿಸಿದ್ದಾರೆಂದು ತಿಳಿಯತಕ್ಕದ್ದು. ಫೆಬ್ರವರಿ, ಮಾರ್ಚ್‌ನಲ್ಲಿ ಮರುಪ್ರಯಾಣಕ್ಕಾಗಿ ಕೊಬ್ಬು ಕೂಡಿಸಿಕೊಳ್ಳುವ ಹಕ್ಕಿಗೆ ವ್ಯರ್ಥವಾದ ಪ್ರತಿ ಹಾರಾಟವೂ ನಷ್ಟವೇ.

ಪ್ರವೇಶ ಮತ್ತು ವೀಕ್ಷಣೆ

ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972ರ 27ನೇ ಕಲಮಿನ ಪ್ರಕಾರ ಅಭಯಾರಣ್ಯಕ್ಕೆ ಪ್ರವೇಶ ನಿರ್ಬಂಧಿತವಾಗಿದೆ. ಪ್ರವಾಸ, ಛಾಯಾಗ್ರಹಣ ಹಾಗೂ ಅಧ್ಯಯನದ ಉದ್ದೇಶಕ್ಕೆ 28ನೇ ಕಲಮಿನಡಿ ಅನುಮತಿ ಪಡೆಯಬಹುದಾಗಿದೆ. ದೋಣಿ ಸ್ವಂತದ್ದೆಂಬ ಕಾರಣಕ್ಕೆ ಅನುಮತಿಯಿಲ್ಲದೆ ನೀರಿಗಿಳಿಸುವಂತಿಲ್ಲ.

ವೀಕ್ಷಕರು ದಡದಿಂದಲೇ ನೋಡುವುದು ಉತ್ತಮ. ಎಂಟು ಪಟ್ಟು ಹಿಗ್ಗಿಸುವ ದುರ್ಬೀನು, ಮಣ್ಣುಬಣ್ಣದ ಉಡುಪು ಮತ್ತು ಒಂದೇ ಕಡೆ ಒಂದು ಗಂಟೆ ಕೂರುವ ತಾಳ್ಮೆಯಿದ್ದಲ್ಲಿ, ನೀರುಕಾಗೆಗಳು ರೆಕ್ಕೆ ಒಣಗಿಸುವುದರಿಂದ ಹಿಡಿದು ಕ್ರೌಂಚಗಳ ಹಿಂಡು ಬಂದಿಳಿಯುವವರೆಗೆ ಎಲ್ಲವೂ ಕಾಣುತ್ತದೆ. ಸೂರ್ಯ ಬೆನ್ನ ಹಿಂದಿರುವಂತೆ, ಬೆಳಿಗ್ಗೆ ಪೂರ್ವದ ದಂಡೆಯಲ್ಲಿಯೂ ಸಂಜೆ ಪಶ್ಚಿಮದ ದಂಡೆಯಲ್ಲಿಯೂ ಕುಳಿತುಕೊಳ್ಳಬೇಕು. ದಂಡೆಯ ಹೊಲಗಳ ಮೂಲಕ ಹೋಗುವಾಗ ರೈತರ ಒಪ್ಪಿಗೆ ಪಡೆಯುವುದು. ಹಕ್ಕಿಗಳು ಇಂದು ಯಾವ ಕಡೆ ಇಳಿದಿವೆ ಎಂಬುದನ್ನೂ ಅವರಲ್ಲಿಯೇ ವಿಚಾರಿಸಬಹುದು.